ಒತ್ತಕ್ಷರ

ಹತ್ತಿ ಕಾರ್ಖಾನೆಯೊಳಗ ದೀಪ ಹಚ್ಚೂಹಂಗಿಲ್ಲ.
ಒಂದು ಕಿಡಿ ಸಾಕು, ಗದಗ ಸ್ಟೇಷನ್ನಿನ ತನಕ ಉರದು ಹೋದೀತು.
ಅದಕ್ಕ ನಮ್ಮ ರಾತ್ರಿ ಸಾಲಿ ತೂಕದ ಕಟ್ಟೀ ಮ್ಯಾಲ,
ಬಯಲಿಗೆ, ಒಂದು ಗಾಜಿನ ಕಂದೀಲಿನ ಸುತ್ತ.

ರಾಣಿ ಪಟ್ಟಕ್ಕೇರಿ ಐವತ್ತು ತುಂಬಿದ ವರ್ಷ ಅದು.
ಸಾಹೇಬ ಸಕ್ಕರಿ ಹಂಚಿಸಿದ, ಭಾಷಣ ಮಾಡಿದ:
ಓದು ಬಂದ ಕೂಲಿ ಕುಡಿಯೂದಿಲ್ಲ, ಯಂತ್ರಕ್ಕ ಕೈ ಕೊಡೂದಿಲ್ಲ,
ಗ್ವಾಡಿ ಮ್ಯಾಲಿನ ಕಾಯಿದೆ ತಾನಽ ಓದಿಕೋತಾನ;
ಈ ಸಾಲಿ ಕಂಪನಿಯ ಧರ್ಮ.
ಅದನ್ನ ಕನ್ನಡದಾಗ ಒದರಿ ಹೇಳಿದವ ನಾನು.
ಹಗಲಿ ಹಾಜರಿ ಬರಿಯೂ ಕಾರಕೂನ, ರಾತ್ರಿ ಮಾಸ್ತರ.
ಎರಡಕ್ಕೂ ಕೂಡಿ ಏಳು ರೂಪಾಯಿ.
ಟಾಕು ಒಂದಽ.

ಹನ್ನೊಂದು ಮಂದಿ ಬಂದರು.
ಬಾಯ್ಲರಿನ ದಾವಲಸಾಬ, ಅಂಡಿಗಿ ಕಟ್ಟೂ ಹುಚ್ಚೀರ,
ಕಡೀ ಸಾಲಿನಾಗ ಫಕೀರವ್ವ, ಬೀಜ ಆರಸೂಕಿ,
ತೊಡೀ ಮ್ಯಾಲ ನಿದ್ದಿ ಹೋದ ಕೂಸು.
ಪಾಟಿಗೆ ನೀರು ಚಿಮುಕಿಸಿದರ ಸಾಕು
ಅವರ ಸೆರಗು, ಮೀಸಿ, ಹುಬ್ಬಿನಿಂದ ಎಳಿ ಉದುರಿ ಅಂಟತಿದ್ದವು.
ಬರದ ಅಕ್ಷರಕ್ಕೆಲ್ಲ ಕೂದಲಾ ಮೂಡತಿದ್ದವು.

ಅ ಅಂದರ ಅರಸ ಅಂತ ಪುಸ್ತಕದಾಗ ಇತ್ತು.
ಅರಸನ್ನ ಕಂಡವರ‍್ಯಾರು? ಅ ಅಂದರ ಅರಳಿ ಅಂದೆ.
ದ ಅಂದರ?
'ದಂಡ!' ಅಂದರು ಎಲ್ಲಾರೂ ಕೂಡೇ, ನಕ್ಕರು.
ನಾನೂ ನಕ್ಕೆ.
ಹಗಲಿ ಅದನ್ನಽ ಬರದ ಮಸಿ ಇನ್ನೂ ಬೆರಳಾಗ ಇತ್ತು.

ದೀಪಾವಳಿಗೆ ಕಾಗುಣಿತ ಮುಗೀತು.
ಗಟ್ಟಿ ಆಗಲಿ ಅಂತ ಮತ್ತ ಮೊದಲಿಂದ ಹಿಡದೆ.
ಸಂಕ್ರಾಂತಿ ಬಂತು. ಮತ್ತೊಮ್ಮೆ ಹಿಡದೆ.
ಒತ್ತಕ್ಷರ ಯಾವಾಗ ಅಂತ ಯಾರೂ ಕೇಳಲಿಲ್ಲ.
ಅಂಥಾದ್ದೊಂದು ಅದ ಅಂತ ಗೊತ್ತಿದ್ದರ ಕೇಳತಿದ್ದರು.

ಫಕೀರವ್ವ, ನನ್ನ ಹೆಸರು ಬರಕೊಡ್ರಿ ಅಂದಳು.
'ಫಕೀರವ' ಅಂತ ಬರಕೊಟ್ಟೆ.
ಬೆರಳಿಟ್ಟು ಓದಿದಳು, ಒಂದೊಂದಽ.
'ಇದು ನಾ ಅಲ್ಲರಿ.
ನಮ್ಮವ್ವ ಕರಿಯೂ ಮುಂದ ಕಡೀಕ ಜರಾ ಒತ್ತತಾಳ.
ಇದರಾಗ ಒತ್ತಿಲ್ಲ.'

ಏನ ಹೇಳಲಿ?
ವ ಕೆಳಗ ಇನ್ನೊಂದು ವ ಇಟ್ಟೆ, ಸಣ್ಣದು,
ತಾಯಿ ಕಾಲಾಗ ಕುಂತ ಕೂಸಿನಂಥಾದ್ದು.
'ಹಿಂಗ ಎಲ್ಲಾದಕ್ಕೂ ಇಡತಾರೇನ್ರಿ?'
'ಎಲ್ಲಾದಕ್ಕೂ.'

ಶನಿವಾರ ಪಗಾರ. ಹೆಬ್ಬಟ್ಟಿಗೆ ಮಸಿ ಹಚ್ಚಾಕ ಹೋದೆ.
ಕೈ ಹಿಂದ ತಗೊಂಡಳು.
ಪುಸ್ತಕ ತನ್ನ ಕಡೆ ತಿರುವಿಕೊಂಡಳು,
ಹತ್ತಿಯೊಳಗಿನ ಬೀಜ ಆರಿಸಿದಂಗ ಆರಿಸಿ ಓದಿದಳು:
ಸಾ. ಲಿ. ದೀ. ಪ. ದ.
ಎ.
ನಿಂತಳು. ಣ ಕೆಳಗ ಕುಂತ ಕೂಸನ್ನ ನೋಡಿದಳು.
ಣ್ಣಿ.
ಮುಂದ ಅಂಕಿ. ವಾರಕ್ಕ ಅರ್ಧಾಣೆ.

ಹಿಂದ ಪಾಳಿ ನಿಂತಿತ್ತು. ದಾವಲಸಾಬ ಕೆಮ್ಮಿದ.
ಧರ್ಮದ್ದು ಅಂದಿದ್ದಿರಲ್ಲ ಅನ್ನಲಿಲ್ಲ ಆಕಿ.
'ನಿಮ್ಮ ಅಕ್ಷರ ಚಂದ ಅದಾವ್ರಿ ಮಾಸ್ತರ,' ಅಂದಳು.
ಹೆಸರು ಬರದಳು, ಎರಡೂ ವ,
ರೊಕ್ಕ ಎರಡ ಸಲ ಎಣಿಸಿಕೊಂಡು ಹೋದಳು.

ಸೋಮವಾರ ಹುಕುಮು: ಲೆಕ್ಕದ ಪುಸ್ತಕ ಇನ್ನು ಮುಂದ ಮೋಡಿಯೊಳಗ.
ಟಾಕು ಎತ್ತದಽ ಓಡೂ ಲಿಪಿ ಅದು,
ಒಂದರ ಬಾಲ ಒಂದು ಕಚ್ಚಿದ ಇರಿವಿ ಸಾಲು.
ಬರದೆ.
ನನ್ನ ಕೈ ಮೋಡಿಯೊಳಗ ಛಲೋ ಓಡತದ.
ಧಾರವಾಡದಾಗ ಕಲಿಸಾಕ ಅಪ್ಪ ಒಂದು ಎಮ್ಮಿ ಮಾರಿದ್ದ.

ಆ ರಾತ್ರಿ ಯಾರೂ ಬರಲಿಕ್ಕಿಲ್ಲ ಅಂದುಕೊಂಡೆ.
ಹನ್ನೊಂದೂ ಮಂದಿ ಬಂದರು. ಮ್ಯಾಲ ನಾಕು ಹೊಸಬರು.
ಫಕೀರವ್ವ ಈ ಸಲ ಮುಂದಿನ ಸಾಲಿನಾಗ.
'ಆ ಇರಿವಿ ಅಕ್ಷರ ಯಾವತ್ತ ಸುರು ಮಾಡತೀರಿ?'

ಎಲ್ಲಾರೂ ನನ್ನ ಮಾರಿ ನೋಡಿದರು.
ಮಾರಿ ಕಾಣದಂಗ ಆಗಲಿ ಅಂತಽ ಇರಬೇಕು,
ಕಂದೀಲಿನ ಬತ್ತಿ ಇಳಸಾಕ ಕೈ ಹಾಕಿದೆ.

'ಇರಲಿ ಬಿಡ್ರಿ,' ಅಂದ ಹುಚ್ಚೀರ.
'ಎಣ್ಣಿ ನಮ್ಮದಽ ಐತಿ.'